ಸೊಸೈಟಿಯ ಕೌಂಟರಿನಲ್ಲಿ ಗಿರಿಜಕ್ಕನ ಬೋಣಿ

ಕೊರೊನಾ ಗಲಾಟೆ ಎಲ್ಲ ಮುಗಿದು ಎರಡನೇ ವರ್ಷದ ಬೇಸಿಗೆ. ಆಗ ನಾನು ಕುಂದಾಪುರದ ಒಂದು ಸಣ್ಣ ಸೊಸೈಟಿಗೆ ಪಿಗ್ಮಿ ಸಂಗ್ರಹಿಸುವ ಕೆಲಸ ಮಾಡುತ್ತಿದ್ದೆ. ಪಿಗ್ಮಿ ಎಂದರೆ ಅಂಗಡಿಯವರು, ಮೀನು ಮಾರುವವರು ದಿನಾ ಐವತ್ತೋ ನೂರೋ ಕಟ್ಟುವ ಉಳಿತಾಯ. ತಲ್ಲೂರಿನ ನನ್ನ ಮನೆಯಿಂದ ಸ್ಕೂಟರ್ ತೆಗೆದರೆ ಹೆಮ್ಮಾಡಿ, ಆಮೇಲೆ ತಿರುಗಿ ಬಂದು ಕುಂದಾಪುರದ ಮೀನು ಮಾರ್ಕೆಟ್ಟು, ಕೊನೆಗೆ ಬಸ್ರೂರು. ಕೊರಳಲ್ಲಿ ಬ್ಯಾಗು, ಕೈಯಲ್ಲಿ ಚೀಟಿ ಹೊರಡಿಸುವ ಮೆಷಿನ್ನು. ಯಾರ ಮನೆಯಲ್ಲಿ ಹೆಣ್ಣು ನೋಡುವ ಶಾಸ್ತ್ರ, ಯಾರ ಸೊಸೆ ತವರಿಗೆ ಹೋಗಿ ಕೂತಿದ್ದಾಳೆ, ಎಲ್ಲ ನನಗೆ ಗೊತ್ತು. ಸಂಬಳಕ್ಕಿಂತ ಆ ಮಾತುಕತೆಗೇ ನಾನು ಹೋಗುತ್ತಿದ್ದೆ ಎಂದರೆ ನನ್ನ ಗಂಡ ಇವತ್ತಿಗೂ ನಗುತ್ತಾರೆ.

ಮಾರ್ಕೆಟ್ಟಿನಲ್ಲಿ ನನಗೆ ಎಲ್ಲರಿಗಿಂತ ಹತ್ತಿರದವರು ಗಿರಿಜಕ್ಕ. ಅರವತ್ತು ದಾಟಿದ ಹೆಂಗಸು, ನಲವತ್ತು ವರ್ಷದಿಂದ ಅದೇ ಜಾಗದಲ್ಲಿ ಬುಟ್ಟಿ ಇಟ್ಟುಕೊಂಡು ಕೂತವರು. ಬಾಯಿ ಜೋರು, ಮನಸ್ಸು ಮೆತ್ತಗೆ. ಮೊದಲ ಸಲ ಹೋದಾಗ ಬೆಳಿಗ್ಗೆ ಬೇಗ ಹೋಗಿ ಅವರ ಎದುರು ನಿಂತಿದ್ದೆ. ಹುಡುಗಿಯರನ್ನು ಕರೆಯುವ ಹಾಗೆ 'ಹೆಣೆ' ಎಂದು ಕರೆದು, ಮಾರ್ಕೆಟ್ಟಿಗೆಲ್ಲ ಕೇಳುವಂತೆ ಬೈದರು.

"ಹ್ವಾಯ್, ಎಂತ ಹೆಣೆ ನೀನ್? ಇನ್ನೂ ಬೋಣಿ ಆಯ್ಲಿಲ್ಲೆ, ಕೈ ಒಡ್ಡುಕ್ ಬಂದ್ಯಾ? ಬೋಣಿ ಆಗ್ದೆ ನಾವ್ ಒಂದ್ ರೂಪಾಯಿ ಹೊರ್ಗ್ ಹಾಕ್ತಿಲ್ಲೆ. ಹೋಯಿ ಆಮೇಲೆ ಬಾ."

ದಿನದ ಮೊದಲ ವ್ಯಾಪಾರ ಆಗುವ ತನಕ ಕೈಯಿಂದ ದುಡ್ಡು ಬಿಡಬಾರದು ಎನ್ನುವುದು ಅಲ್ಲಿನ ಎಲ್ಲ ಹೆಂಗಸರ ಕಟ್ಟುನಿಟ್ಟು. ಅವತ್ತಿನಿಂದ ನಾನು ಹನ್ನೊಂದು ಗಂಟೆಯ ಮೇಲೇ ಅಲ್ಲಿಗೆ ಹೋಗುತ್ತಿದ್ದುದು. ಬೈದದ್ದಕ್ಕೆ ಪರಿಹಾರವೋ ಏನೋ, ಅವತ್ತು ಹೊರಡುವಾಗ ನಾಲ್ಕು ಬಂಗುಡೆ ಕಟ್ಟಿ ಬ್ಯಾಗಿಗೆ ತುರುಕಿದ್ದರು. ಬ್ಯಾಗಿನಲ್ಲಿದ್ದ ನೋಟುಗಳೆಲ್ಲ ಮೀನು ವಾಸನೆ ಹೊಡೆದು, ಮ್ಯಾನೇಜರ್ ಹತ್ತಿರ ಬೈಸಿಕೊಂಡದ್ದು ಬೇರೆ ಕಥೆ.

ಗಿರಿಜಕ್ಕನ ಎರಡೂ ಮೊಣಕಾಲು ಸವೆದಿದ್ದವು. ಕೂತರೆ ಏಳಲು ಇಬ್ಬರು ಹಿಡಿಯಬೇಕು. ಪಿಗ್ಮಿ ಕಟ್ಟಿ ಕಟ್ಟಿ, ಅದನ್ನೇ ಠೇವಣಿ ಮಾಡಿಸಿ ಮೂರು ಲಕ್ಷ ಕೂಡಿಸಿದ್ದರು. ಮಳೆಗಾಲದಲ್ಲಿ ಬೋಟು ಕಡಲಿಗೆ ಇಳಿಯದ ಎರಡು ತಿಂಗಳು ಅವರಿಗೆ ಹೇಗೂ ಕೆಲಸವಿಲ್ಲ. ಆಗ ಆಪರೇಷನ್ ಮಾಡಿಸಿಕೊಂಡರೆ ಬೋಟು ಮತ್ತೆ ಹೊರಡುವ ಹೊತ್ತಿಗೆ ನಡೆದಾಡಬಹುದು ಎಂದು ಲೆಕ್ಕ. ಡಾಕ್ಟರ ಹತ್ತಿರ ಆಪರೇಷನ್ನಿನ ದಿನವೂ ನಿಗದಿಯಾಗಿತ್ತು. ಠೇವಣಿಯ ಅವಧಿ ಮುಗಿಯುವುದೂ ಜೂನ್ ತಿಂಗಳಲ್ಲೇ.

ಆ ಏಪ್ರಿಲ್ ಕೊನೆಯಲ್ಲಿ ಒಂದು ದಿನ ಸಂಗ್ರಹದ ಹಣ ಕೊಡಲು ಸೊಸೈಟಿಗೆ ಹೋದಾಗ ಮ್ಯಾನೇಜರ್ ಕೋಣೆಯಲ್ಲಿ ಒಬ್ಬ ಕಂಟ್ರಾಕ್ಟರ್ ತಲೆ ತಗ್ಗಿಸಿ ಕೂತಿದ್ದರು. ನಮ್ಮ ಕಡೆ ಎರಡು ರಸ್ತೆ, ಒಂದು ಕಿಂಡಿ ಅಣೆಕಟ್ಟು ಮಾಡಿದವರು, ಒಳ್ಳೆಯ ಮನುಷ್ಯ. ನಮ್ಮ ಸೊಸೈಟಿಯ ದೊಡ್ಡ ಸಾಲ ಅವರದ್ದೇ. ಸರ್ಕಾರದ ಕೆಲಸ, ಸರ್ಕಾರದ ಬಿಲ್ಲು, ಅದಕ್ಕಿಂತ ಭದ್ರ ಯಾವುದಿದೆ ಎಂದು ನಿರ್ದೇಶಕರೆಲ್ಲ ಸೇರಿ ಕೊಟ್ಟದ್ದು.

"ಕೆಲ್ಸ ಮುಗ್ದ್ ವರ್ಷ ಆಯ್ತ್ ಸರ್. ಬಿಲ್ಲೂ ಪಾಸಾಯ್ತ್, ದುಡ್ಡ್ ಮಾತ್ರ ಬತ್ತಿಲ್ಲೆ. ಕೇಂಡ್ರೆ ಖಜಾನೆಯಗೇ ಇಲ್ಲೆ, ಸರ್ಕಾರವೇ ಸಾಲದಗ್ ಇತ್ತ್ ಅಂತ್ರ್. ನಾ ಎಲ್ಲಿಂದ ಕಂತ್ ಕಟ್ಲಿ?" ಎಂದು ಅವರು ಹೇಳುವುದು ನನಗೆ ಸ್ಪಷ್ಟ ಕೇಳಿಸಿತು.

ಅವರು ಹೋದ ಮೇಲೆ ಮ್ಯಾನೇಜರ್ ನನ್ನನ್ನು ಕರೆದರು. ಬ್ರಹ್ಮಾವರದವರು, ನಿಧಾನ ಮಾತಿನವರು. "ನೀವು ಕೇಳಿಸಿಕೊಂಡಿರಿ ಅಂತ ಗೊತ್ತು. ಸೊಸೈಟಿಗಳಿಗೆ ಸಾಲ ಕೊಡುವ ಮೇಲಿನ ಬ್ಯಾಂಕಿನವರ ಹತ್ರ ಸ್ವಲ್ಪ ಹಣ ಕೇಳಿದೆ. ನಮ್ಮ ಸಾಲ ಸರ್ಕಾರಿ ಬಿಲ್ಲಿನ ಮೇಲೆ ನಿಂತಿದೆ ಅಂತ ಗೊತ್ತಾದ ಕೂಡಲೇ ಅವರೂ ಕೊಡುವುದಿಲ್ಲ ಅಂದ್ರು. ಹೊಸ ಸಾಲ ಯಾರಿಗೂ ಕೊಡಬೇಡಿ ಅಂತ ಮೇಲಿಂದ ಬಂದಿದೆ. ಬಿಲ್ಲು ಬಂದರೆ ಎಲ್ಲ ಸರಿಯಾಗ್ತದೆ. ಹೊರಗೆ ಮಾತಾಡಬೇಡಿ, ದಮ್ಮಯ್ಯ," ಎಂದರು.

ಸರ್ಕಾರದ ಕೈಯಲ್ಲಿ ದುಡ್ಡಿಲ್ಲ ಎನ್ನುವುದನ್ನು ಪೇಪರಿನಲ್ಲಿ ಎಷ್ಟೋ ಸಲ ಓದಿದ್ದೆ. ಓದಿ, ಅದೇ ಪೇಪರಿನಲ್ಲಿ ಮೀನು ಕಟ್ಟಿಸಿಕೊಂಡು ಬಂದಿದ್ದೆ. ಅದು ನಮ್ಮ ಸೊಸೈಟಿಯ ಬಾಗಿಲಿಗೆ ಬಂದು ನಿಲ್ಲುತ್ತದೆ ಎಂದು ನನಗೇನು ಗೊತ್ತು?

ಮಾರನೇ ದಿನ ಮಾರ್ಕೆಟ್ಟಿಗೆ ಹೋದರೆ ಗಿರಿಜಕ್ಕ ಪಿಗ್ಮಿ ಕೊಡುತ್ತಾ ಕೇಳಿಯೇಬಿಟ್ಟರು. "ಹೆಣೆ, ಕಂಟ್ರಾಕ್ಟ್ರಿಗೆಲ್ಲ ದುಡ್ಡೇ ಬತ್ತಿಲ್ಲೆ ಅಂಬ್ರಲೆ. ಸೊಸೈಟಿಯಗೆ ಎಂತ ತೊಂದ್ರಿ ಇಲ್ಯಲೆ? ನನ್ ದುಡ್ಡ್ ಈಗ್ಳೇ ತೆಗುದಾ, ಇರ್ಲಿಯಾ? ನೀ ಹೇಳ್ದಂಗ್ ಮಾಡ್ತೆ."

ನೀ ಹೇಳಿದ ಹಾಗೆ ಮಾಡುತ್ತೇನೆ ಎಂದರು, ನೋಡಿ. ನಾನು ಮೆಷಿನ್ನಿನ ಗುಂಡಿ ಒತ್ತುತ್ತಾ, ಅವರ ಮುಖ ನೋಡದೆ, "ಎಂತ ಹೆದ್ರ್ಕಿ ಇಲ್ಲೆ ಗಿರಿಜಕ್ಕ. ಈಗ ತೆಗುದ್ರೆ ಬಡ್ಡಿ ಹೋತ್ತ್. ಜೂನಿನಗೆ ತೆಗುದ್ರೆ ಸೈ," ಎಂದೆ.

ಇಷ್ಟಾಗಿದ್ದರೆ ಮ್ಯಾನೇಜರ್ ಮಾತು ಉಳಿಸಿದೆ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ಆ ಶನಿವಾರ ನಾನು ಮಾಡಿದ ಕೆಲಸಕ್ಕೆ ಯಾವ ಸಮಾಧಾನವೂ ಇಲ್ಲ. ನನ್ನದೂ ಎಂಬತ್ತು ಸಾವಿರ ಅಲ್ಲೇ ಠೇವಣಿ ಇತ್ತು, ಮಗಳ ಕಾಲೇಜಿನ ಫೀಸಿಗೆಂದು ಇಟ್ಟದ್ದು. ಎರಡು ದಿನದಿಂದ ಕಣ್ಣಿಗೆ ನಿದ್ದೆ ಇರಲಿಲ್ಲ. ಬಡ್ಡಿ ಹೋದರೆ ಹೋಗಲಿ ಎಂದು ರಸೀದಿಯ ಹಿಂದೆ ಸಹಿ ಹಾಕಿ ಕೌಂಟರಿನಲ್ಲಿ ಹಣ ಎಣಿಸಿಕೊಂಡೆ. ಶನಿವಾರ ಸಂತೆಯ ದಿನ ಎನ್ನುವುದೂ ಈ ಪೆದ್ದಿಗೆ ಹೊಳೆಯಲಿಲ್ಲ. ಹಿಂದೆ ತಿರುಗಿದರೆ ಹೂವಿನ ಅಂಗಡಿಯ ಲಲಿತಾ ನಿಂತಿದ್ದಾಳೆ, ನನ್ನ ಪಿಗ್ಮಿಯ ಗಿರಾಕಿ. "ಎಂತ, ದುಡ್ಡ್ ತೆಗ್ದ್ರ್ಯಾ?" ಎಂದು ನಕ್ಕಳು. ಯಾಕೆಂದು ಅವಳು ಕೇಳದೆಯೇ ನಾನು, "ಮಗಳ ಫೀಸಿಗೆ, ಮಗಳ ಫೀಸಿಗೆ," ಎಂದು ಎರಡೆರಡು ಸಲ ಹೇಳಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನ್ನ ಕಥೆ.

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಮ್ಯಾನೇಜರ್ ಫೋನು. "ಕೂಡಲೇ ಬನ್ನಿ." ಹೋಗಿ ನೋಡಿದರೆ ಸೊಸೈಟಿಯ ಬಾಗಿಲಿನಿಂದ ರಸ್ತೆಯವರೆಗೆ ಜನ. ಎಲ್ಲ ನನ್ನ ಗಿರಾಕಿಗಳೇ! ಹೂವಿನವರು, ತರಕಾರಿಯವರು, ರಿಕ್ಷಾದವರು, ಮಾರ್ಕೆಟ್ಟಿನ ಹೆಂಗಸರು. "ಪಿಗ್ಮಿಯವ್ಳೇ ತೆಗ್ದಳಂಬ್ರ್, ಇನ್ನ್ ನಮ್ ಗತಿ ಎಂತ?" ಎಂದು ಯಾರೋ ಹೇಳುತ್ತಿದ್ದರು. ನನ್ನನ್ನು ಕಂಡದ್ದೇ ಮಾತು ನಿಂತಿತು. ಬೈದಿದ್ದರೂ ಆಗುತ್ತಿತ್ತು. ಒಬ್ಬರೂ ಬೈಯಲಿಲ್ಲ, ದಾರಿ ಬಿಟ್ಟರು. ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಒಳಗೆ ಮ್ಯಾನೇಜರ್ ಬೆವರುತ್ತಿದ್ದರು. "ಕೈಯಲ್ಲಿರುವುದು ನಾಲ್ಕು ಲಕ್ಷ. ಹೊರಗೆ ಎಷ್ಟು ಜನ ಇದ್ದಾರೆ ನೋಡಿ. ಇವತ್ತು ಮಧ್ಯಾಹ್ನದೊಳಗೆ ಇಲ್ಲ ಅಂತ ಹೇಳಿದರೆ ನಾಳೆ ಬಾಗಿಲು ತೆಗೆಯುವ ಹಾಗಿಲ್ಲ," ಎಂದರು. ನಾನೇ ಇದಕ್ಕೆ ಕಾರಣ ಎಂದು ಅವರಿಗೂ ಗೊತ್ತಿತ್ತು.

ಬಾಗಿಲು ತೆಗೆದಾಗ ಸಾಲಿನಲ್ಲಿ ಮೊದಲು ಇದ್ದವರು ಗಿರಿಜಕ್ಕ. ಅವರ ಕಾಲು ನೋಡಿ ಉಳಿದವರೇ ಮುಂದೆ ಬಿಟ್ಟಿದ್ದರು. ಗೋಡೆ ಹಿಡಿದುಕೊಂಡು ಒಂದೊಂದೇ ಹೆಜ್ಜೆ ಹಾಕುತ್ತಾ ಬಂದರು. ಸೆರಗಿನಲ್ಲಿ ಠೇವಣಿ ರಸೀದಿ ಸುತ್ತಿ ಹಿಡಿದಿದ್ದರು. ಕೌಂಟರಿನ ಹುಡುಗಿ ಕೈ ಚಾಚಿದಳು. ಗಿರಿಜಕ್ಕ ಕೊಡಲಿಲ್ಲ.

"ಎಷ್ಟಿತ್ತ್ ನಿಮ್ಮ ಪೆಟ್ಟಿಯಗೆ?" ಎಂದು ಮ್ಯಾನೇಜರನ್ನು ಕೇಳಿದರು.

ಅವರು ಸುಳ್ಳು ಹೇಳಲಿಲ್ಲ. "ನಾಲ್ಕು ಲಕ್ಷ ಇದೆ ಅಮ್ಮ. ನಿಮ್ಮದು ಕೊಡಬಹುದು."

ಗಿರಿಜಕ್ಕ ಹಿಂದೆ ತಿರುಗಿ ಸಾಲನ್ನು ನೋಡಿದರು. ಅವರ ಹಿಂದೆಯೇ ಇದ್ದದ್ದು ಬುಟ್ಟಿ ಹೊರುವ ಒಬ್ಬಳು ವಿಧವೆ, ಅವಳದ್ದು ಒಟ್ಟು ಆರೇಳು ಸಾವಿರ ಇದ್ದಿರಬಹುದು. ಆಮೇಲೆ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

"ಹ್ವಾಯ್, ಎಲ್ಲ ಕೇಣಿ ಕಾಂಬ," ಎಂದು ಮಾರ್ಕೆಟ್ಟಿನ ದನಿಯಲ್ಲಿ ಶುರು ಮಾಡಿದರು. "ಬೋಣಿ ಆಗ್ದೆ ನಮ್ಮ್ ಬುಟ್ಟಿಯಿಂದ ನಾವ್ ಒಂದ್ ರೂಪಾಯಿ ಹೊರ್ಗ್ ಹಾಕ್ತಿಲ್ಲೆ. ಇದೂ ನಮ್ದೇ ದುಡ್ಡಿನ ಅಂಗಡಿ ಅಲ್ದಾ? ಬೆಳಿಗ್ಗೆ ಬೆಳಿಗ್ಗೆ ಎಲ್ರೂ ಕೇಂತಾ ನಿಂತ್ರೆ ಯಾವ್ ಅಂಗಡಿ ಉಳಿತ್ತ್? ಮೊದ್ಲ್ ಬೋಣಿ ಆಯ್ಲಿ."

ಸೊಂಟದ ಚೀಲ ಬಿಚ್ಚಿ ನೂರರ ಎರಡು ನೋಟು ತೆಗೆದು ಕೌಂಟರಿನ ಮೇಲೆ ಇಟ್ಟರು. "ಇದ್ ನನ್ ಇವತ್ತಿನ ಪಿಗ್ಮಿ. ಚೀಟಿ ಕೊಡ್ ಹೆಣೆ," ಎಂದರು. ಹೇಳಿದ್ದು ಕೌಂಟರಿನ ಹುಡುಗಿಗಲ್ಲ, ನನಗೆ. ನಾನು ಚೀಟಿ ಹರಿದು ಅವರ ಕೈಗೆ ಕೊಟ್ಟೆ.

ಮಾರ್ಕೆಟ್ಟಿನ ಹೆಂಗಸರಿಗೆ ಬೋಣಿಯ ಮಾತು ತಾಗದೆ ಇರುತ್ತದೆಯೇ? ಹಿಂದಿನಿಂದ ಯಾರೋ ನಕ್ಕರು. "ನಿಮ್ದ್ ಎಂತ ಮಾಡುದ್ ಗಿರಿಜಕ್ಕ? ಕಾಲಿಂದ್?" ಎಂದು ಒಬ್ಬಳು ಕೇಳಿದಳು. "ನಾ ಮೂರ್ ಲಕ್ಷ ಹೊತ್ಕಂಡ್ ಹೋರೆ ನಿಮ್ಗೆಂತ ಉಳಿತ್ತ್? ನಂದ್ ಆಮೇಲೆ ಕಾಂಬ. ಅಗತ್ಯ ಇದ್ದರ್ ಮಾತ್ರ ಸ್ವಲ್ಪ ಸ್ವಲ್ಪ ತಕಣಿ," ಎಂದು ಹೇಳಿ ಬಾಗಿಲ ಹತ್ತಿರದ ಸ್ಟೂಲಿನಲ್ಲಿ ಕೂತುಬಿಟ್ಟರು. ಮಧ್ಯಾಹ್ನದ ತನಕ ಕೂತಿದ್ದರು. ಅರ್ಧ ಜನ ಹಾಗೆಯೇ ಹಿಂದೆ ಹೋದರು. ಉಳಿದವರು ಐದು ಸಾವಿರ, ಹತ್ತು ಸಾವಿರ ತೆಗೆದುಕೊಂಡರು. ರಿಕ್ಷಾದ ಇಬ್ಬರು ಮಾತ್ರ ಪೂರ್ತಿ ತೆಗೆದು ಹೋದರು, ಅವರನ್ನು ತಪ್ಪು ಎನ್ನಲು ನನಗೆ ಬಾಯಿ ಎಲ್ಲಿ? ಸಂಜೆ ಬಾಗಿಲು ಹಾಕುವಾಗ ಪೆಟ್ಟಿಗೆಯಲ್ಲಿ ಇನ್ನೂ ಹಣ ಇತ್ತು.

ಮಾರನೇ ಬೆಳಿಗ್ಗೆ ನನ್ನ ಎಂಬತ್ತು ಸಾವಿರ ವಾಪಸ್ ಕಟ್ಟಿದೆ. ಯಾರೂ ನೋಡಲಿಲ್ಲ. ತೆಗೆದದ್ದನ್ನು ನೋಡಲು ಊರೇ ಇತ್ತು, ಕಟ್ಟಿದ್ದಕ್ಕೆ ಒಂದು ನರಪಿಳ್ಳೆ ಇಲ್ಲ!

ಸೊಸೈಟಿ ಉಳಿಯಿತು. ಆದರೆ ಸುಲಭಕ್ಕೆ ಉಳಿದದ್ದಲ್ಲ. ವಾರಕ್ಕೆ ಒಬ್ಬರಿಗೆ ಹತ್ತು ಸಾವಿರಕ್ಕಿಂತ ಜಾಸ್ತಿ ಕೊಡುವುದಿಲ್ಲ ಎಂದು ಬೋರ್ಡು ಹಾಕಿದರು. ಹೊಸ ಸಾಲ ನಿಂತೇ ಹೋಯಿತು. ತಲ್ಲೂರಿನ ಕ್ಯಾಂಟೀನಿನವರು ಫ್ರಿಜ್ಜಿಗೆಂದು ಕೇಳಿದ ಸಣ್ಣ ಸಾಲವೂ ಸಿಗದೆ, ಫೈನಾನ್ಸಿನಲ್ಲಿ ದುಬಾರಿ ಬಡ್ಡಿಗೆ ತೆಗೆದರು. ಅವರಿಗೂ ಸರ್ಕಾರದ ರಸ್ತೆಗೂ ಏನು ಸಂಬಂಧ, ಹೇಳಿ? ಕಂಟ್ರಾಕ್ಟರ್ ತಮ್ಮ ಎರಡು ಟಿಪ್ಪರ್ ಮಾರಿ ಒಂದಿಷ್ಟು ಕಟ್ಟಿದರು. ಬಿಲ್ಲಿನ ಹಣ ತುಂಡು ತುಂಡಾಗಿ ಬರಲು ಶುರುವಾದದ್ದು ದೀಪಾವಳಿ ಕಳೆದ ಮೇಲೆ.

ಗಿರಿಜಕ್ಕನ ಜೂನ್ ತಿಂಗಳು ಹೋಯಿತು. ಆಪರೇಷನ್ನಿಗೆ ಒಟ್ಟಿಗೆ ಹಣ ಬೇಕು, ವಾರಕ್ಕೆ ಹತ್ತು ಸಾವಿರ ತೆಗೆದು ಕಾಲು ಸರಿಮಾಡಿಸಲು ಆಗುತ್ತದೆಯೇ? ಬೋಟು ಮತ್ತೆ ಕಡಲಿಗೆ ಇಳಿಯಿತು, ಅವರು ಅದೇ ಸವೆದ ಕಾಲಿನಲ್ಲಿ ಮತ್ತೊಂದು ಪೂರ್ತಿ ವರ್ಷ ಮಾರ್ಕೆಟ್ಟಿಗೆ ಬಂದರು. ನಾನು ದಿನಾ ಹನ್ನೊಂದು ಗಂಟೆಗೆ ಹೋಗಿ ಅವರ ಎದುರು ನಿಲ್ಲುತ್ತಿದ್ದೆ. ಇನ್ನೂರು ಕೊಡುತ್ತಿದ್ದರು, ಚೀಟಿ ಕೊಡುತ್ತಿದ್ದೆ. ಎಬ್ಬಿಸಲು ಕೈ ಕೊಟ್ಟರೆ ಹಿಡಿದುಕೊಂಡು ಏಳುತ್ತಿದ್ದರು. ಆ ಶನಿವಾರದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಈಗ ನಾನು ಆ ಕೆಲಸ ಬಿಟ್ಟಿದ್ದೇನೆ. ಬುಟ್ಟಿ ಬುಟ್ಟಿಗೂ ಸ್ಕ್ಯಾನ್ ಮಾಡುವ ಬೋರ್ಡು ಬಂದ ಮೇಲೆ ಪಿಗ್ಮಿ ಕಟ್ಟುವವರೂ ಕಡಿಮೆ. ಮಾರ್ಕೆಟ್ಟಿನ ಎದುರು ಬಸ್ಸಿನಲ್ಲಿ ಹೋಗುವಾಗ ಆ ಗಲಾಟೆ, ಆ ಬೈಗುಳ, ಬ್ಯಾಗಿನ ಮೀನು ವಾಸನೆ ಎಲ್ಲ ನೆನಪಾಗಿ ಇಳಿದುಬಿಡೋಣ ಅನಿಸುತ್ತದೆ. ಎಷ್ಟೋ ಸಲ ಇಳಿದದ್ದೂ ಇದೆ.

ಮರುವರ್ಷದ ಮಳೆಗಾಲದಲ್ಲಿ ಗಿರಿಜಕ್ಕನ ಹಣ ಬಡ್ಡಿ ಸಮೇತ ಕೈಗೆ ಬಂತು, ಆಪರೇಷನ್ ಆಯಿತು. ಆಸ್ಪತ್ರೆಯಲ್ಲಿ ಒಂದು ದಿನ ಜೊತೆಗೆ ಇರುತ್ತೇನೆಂದು ನಾನೇ ಹೇಳಿ ಹೋಗಿದ್ದೆ. ಗಂಜಿ ಕುಡಿಸುತ್ತಿರುವಾಗ ತಡೆಯಲಾಗದೆ ಕೇಳಿದೆ. "ಗಿರಿಜಕ್ಕ, ನಿಮ್ಗೆ ನನ್ ಮೇಲೆ ಸಿಟ್ಟ್ ಇಲ್ಯಾ? ನಾ ನನ್ ದುಡ್ಡ್ ತೆಗ್ದ್, ನಿಮ್ಗೆ ಇರ್ಲಿ ಅಂದೆ. ಒಂದ್ ವರ್ಷ ನೋವ್ ತಿಂದ್ರಿ."

ಅವರು ಬಾಯಲ್ಲಿದ್ದ ಗಂಜಿ ನುಂಗಿ, ನಿಧಾನಕ್ಕೆ ಹೇಳಿದರು. "ನಿನ್ ದುಡ್ಡ್ ನೀ ತಕಂಡದ್ ತಪ್ಪಲ್ಲ ಹೆಣೆ. ನಿಂಗೂ ಮಗಳ್ ಇತ್ತಲೆ. ನೀ ನಂಗೂ ಒಂದ್ ಮಾತ್ ಹೇಳ್ಲಕ್ಕಿತ್ತ್."

ಅಷ್ಟೇ ಹೇಳಿ ಮತ್ತೆ ಬಾಯಿ ತೆರೆದರು. ನಾನು ಚಮಚ ಹಿಡಿದುಕೊಂಡು ಅಳುತ್ತಾ ಕೂತಿದ್ದೆ. ಅವರು ಬೈದಿದ್ದರೆ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ.