ಮಡಚದೆ ಉಳಿದ ಸೀರೆಗಳು

ಸಿಟ್ಟು ಬಂದರೆ ಕಸ್ತೂರಿಯ ಮಾತು ನಿಂತುಬಿಡುತ್ತಿತ್ತು. ಆ ಸಲ ಮೂರು ವಾರ ಅವಳು ಯಾರೊಂದಿಗೂ ನೆಟ್ಟಗೆ ಮಾತಾಡಲಿಲ್ಲ.

ಇಳಕಲ್ಲಿನ ನೇಕಾರರ ಮನೆಯ ಹುಡುಗಿ. ಬಿಸಿಎ ಮುಗಿಸಿ, ದಿನಾ ಬಸ್ಸು ಹತ್ತಿ ಬಾಗಲಕೋಟೆಗೆ ಬಂದು, ರಾಜಕುಮಾರ ಎಂಬವನ ಕಂಪ್ಯೂಟರ್ ಸೆಂಟರಿನಲ್ಲಿ ದುಡಿಯುತ್ತಿದ್ದಳು. 2008ರಲ್ಲಿ ಸೀರೆ ವ್ಯಾಪಾರಿ ಪಾಂಡಪ್ಪನಿಗಾಗಿ, ಮೊಬೈಲಿನಲ್ಲೇ ಸೀರೆಗಳ ಫೋಟೊ ತೋರಿಸುವ ಅಪ್ಲಿಕೇಶನ್ ಬರೆದವಳು ಅವಳೇ. ಅವಳು ಬರೆದು ಕೊಟ್ಟಾಗ ಚೆನ್ನಾಗಿಯೇ ಓಡುತ್ತಿತ್ತು. ಪಾಂಡಪ್ಪನ ಕೈಗೆ ಹೋದ ಮೇಲೆ, ಹತ್ತಿಪ್ಪತ್ತು ಸೀರೆ ನೋಡುವಷ್ಟರಲ್ಲಿ ಫೋನು ಕಲ್ಲಿನಂತೆ ಕೂತುಬಿಡುತ್ತಿತ್ತು.

“ಹೆಣ್ಣಹುಡುಗಿ ಕೈಯಾಗ ಕೊಟ್ಟಿದ್ದ ನಂದ ತಪ್ಪು,” ಎಂದು ರಾಜಕುಮಾರ ಬಂದವರೆದುರೆಲ್ಲ ಡಂಗುರ ಹೊಡೆದ. ಅವಳಿಗೂ ಹೇಳಿದ: “ಸೋಮವಾರ ಪಾಂಡಪ್ಪ ಸಾವಕಾರ್ರು ಬರ್ತಾರ. ಅಷ್ಟ್ರಾಗ ಸರಿಯಾಗ್ಲಿಲ್ಲಂದ್ರ ನೀ ಮನಿ ಹಾದಿ ಹಿಡಿ.”

ಮನೆಗೆ ಹೋಗಲು ಅವಳಿಗೇನೂ ಹೆದರಿಕೆಯಿರಲಿಲ್ಲ. ಆದರೆ ಮಾಡದ ತಪ್ಪು ಹೊತ್ತುಕೊಂಡು ಹೋಗುವುದೇ?

ಹಲ್ಲು ಕಚ್ಚಿ ಹುಡುಕಲು ಕೂತಳು. ಫೋಟೊ ತೆರೆದಾಗ ಫೋನಿನ ಮೆಮರಿ ಖರ್ಚಾಗುವುದು ಸಹಜ. ಅದನ್ನು ಮುಚ್ಚಿ ಮುಂದಿನದಕ್ಕೆ ಹೋದಾಗ ಆ ಜಾಗ ಖಾಲಿಯಾಗಬೇಕು. ಆಗುತ್ತಿರಲಿಲ್ಲ. ಪ್ರೋಗ್ರಾಮಿನ ಒಂದೊಂದೇ ಭಾಗ ತೆಗೆದು ಓಡಿಸಿ ನೋಡುತ್ತ ಹೋದಾಗ, ಅವಳು ಬರೆಯದ ಸಾಲೊಂದು ಸಿಕ್ಕಿತು. ತೋರಿಸಿದ ಪ್ರತಿ ಫೋಟೊವನ್ನೂ ಅದು ಹಿಡಿದಿಟ್ಟುಕೊಳ್ಳುತ್ತಿತ್ತು. ಬಿಡುವ ಮಾತೇ ಇಲ್ಲ.

“ಹ್ಞೂಂ, ನಾನ ಸೇರಿಸೇನಿ,” ಎಂದ ರಾಜಕುಮಾರ, ಅವಳು ಆ ಸಾಲು ತೋರಿಸಿದಾಗ, ಒಂದಿಷ್ಟೂ ನಾಚದೆ. “ಗಿರಾಕಿ ಗಾದಿ ಬಿಟ್ಟು ಏಳೂತನಕ ತೋರಿಸಿದ ಸೀರಿ ಮಡಚಬಾರದು, ಅಪಶಕುನ ಅಂದ್ರು ಸಾವಕಾರ್ರು. ಅದಕ್ಕ ಎಲ್ಲಾ ಹರವಿ ಇಟ್ಟೇನಿ.”

ಸೀರೆ ಹರವುವ ಅಂಗಡಿಯ ಗಾದಿ ಎಷ್ಟಗಲ, ಫೋನಿನ ಹೊಟ್ಟೆ ಎಷ್ಟಗಲ! ಇಷ್ಟೂ ತಿಳಿಯದವನು ನನ್ನ ಮರ್ಯಾದೆ ಹರಾಜು ಹಾಕಿದನಲ್ಲ ಎಂದು ಅವಳ ಮೈಯೆಲ್ಲ ಉರಿಯಿತು. ಆ ಸಾಲು ಕಿತ್ತೊಗೆದಳು.

ಸೋಮವಾರ ಪಾಂಡಪ್ಪ ಬಂದ. ರಾಜಕುಮಾರ ಚಹಾ ತರಿಸಿ, “ಈ ಹುಡುಗಿ ಕೆಡಿಸಿಟ್ಟಿದ್ಲರಿ. ಕಡೀಕ ನಾನ ಕುಂತು ಸರಿ ಮಾಡೇನಿ,” ಎಂದ.

ಕಸ್ತೂರಿ ಎರಡು ಫೋನು ತಂದು ಪಾಂಡಪ್ಪನ ಮುಂದಿಟ್ಟಳು. “ಸಾವಕಾರ್ರೀ, ಇದರಾಗ ನಾ ಬರದದ್ದಷ್ಟ ಐತಿ. ಇದರಾಗ ಸರ್ ಸೇರಿಸಿದ ಸಾಲೂ ಐತಿ. ಎರಡರಾಗೂ ಸೀರಿ ನೋಡ್ಕೋತ ಹೋಗ್ರಿ.”

“ಏ, ಒಳಗ ನಡಿ!” ಎಂದು ರಾಜಕುಮಾರ ಗದರಿದ. ಅವಳು ಕದಲಲಿಲ್ಲ.

ಪಾಂಡಪ್ಪ ಗುಂಡಿ ಒತ್ತುತ್ತ ಹೋದ. ಮೊದಲನೆಯದು ಓಡುತ್ತಲೇ ಇತ್ತು. ಎರಡನೆಯದು ನಿಂತಿತು. ನಿಂತ ಫೋನನ್ನು ಅವನು ರಾಜಕುಮಾರನ ಕಡೆ ಸರಿಸಿದ.

ಕಸ್ತೂರಿ ಚೀಲ ಹೆಗಲಿಗೇರಿಸಿದಳು. “ಊರತುಂಬ ನನ್ನ ಹೆಸರು ಹೇಳೀರಲ್ಲ ಸರ್, ಈಗ ನಿಮ್ಮ ಹೆಸರು ಹೇಳಿಬರ್ರಿ. ನಾಳಿಂದ ನಾ ಬರೂದಿಲ್ಲ.”