ಗುಂಗುರು ಕೂದಲು ಮತ್ತು ಬಸ್ಸಿನ ಕಿಟಕಿ

ನಗುವುದಾದರೆ ಈಗಲೇ ನಕ್ಕುಬಿಡಿ, ಗೆಳೆಯರೇ. ಸ್ನೇಹಿತೆಯ ಆರತಕ್ಷತೆಗೆಂದು ಇವತ್ತು ನಂಜನಗೂಡಿನ ಪಾರ್ಲರಿನಲ್ಲಿ ಎರಡು ಗಂಟೆ ಕೂತು, ಬಿಸಿ ಕರ್ಲರ್‌ಗೆ ಸುತ್ತಿಸಿ ಕೂದಲು ಗುಂಗುರು ಮಾಡಿಸಿಕೊಂಡೆ.

"ಗಾಳಿ ತಾಕುಸ್ಬೇಡಿ, ನೀರು ಬೀಳುಸ್ಬೇಡಿ. ನಾಳೆವರ್ಗೂ ಹಿಂಗೇ ಇರ್ತದೆ" ಎಂದರು ಪಾರ್ಲರ್ ಅಕ್ಕ.

ಅದಕ್ಕೇ ಟಿ. ನರಸೀಪುರದ ಬಸ್ಸಿನಲ್ಲಿ ಕಿಟಕಿ ಮುಚ್ಚಿ ಕೂತೆ. ಪಕ್ಕದಲ್ಲಿದ್ದ ಅಜ್ಜಿ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಾ, "ಕಿಟ್ಕಿ ತೆಗಿಯವ್ವ, ಸೆಕೆಗೆ ಜೀವ ಓಯ್ತದೆ" ಎಂದರು.

"ಆಗಲ್ಲ ಅಜ್ಜಿ, ಕೂದ್ಲು ಹಾಳಾಗುತ್ತೆ."

"ನನ್ ಉಸ್ರಿಗಿಂತ ನಿನ್ ಕೂದ್ಲು ಎಚ್ಚಾ?"

ಆದರೂ ನಾನು ಕಿಟಕಿ ತೆಗೆಯಲಿಲ್ಲ.

ಇಳಿದ ಮೇಲೆ ಅಂಗಡಿಯೊಂದರ ಕನ್ನಡಿಯಲ್ಲಿ ನೋಡಿಕೊಂಡೆ. ಒಂದು ಸುರುಳಿಯೂ ಬಿಚ್ಚಿರಲಿಲ್ಲ. ರಾಣಿಯ ಹಾಗೆ ಛತ್ರದ ಬಾಗಿಲಿಗೆ ಬಂದರೆ, ಪನ್ನೀರುದಾನಿ ಹಿಡಿದು ನಿಂತಿದ್ದವರು ಅದೇ ಅಜ್ಜಿ! ಮದುಮಗನ ಚಿಕ್ಕಜ್ಜಿಯಂತೆ.

"ಬಾರವ್ವ ಬಾ, ಪಾಪ, ಸೆಕೇಲಿ ಬಂದಿದ್ದೀಯ" ಎನ್ನುತ್ತಾ, ಪನ್ನೀರುದಾನಿ ಖಾಲಿಯಾಗುವವರೆಗೂ ನನ್ನ ನೆತ್ತಿಯ ಮೇಲೇ ಚಿಮುಕಿಸಿದರು.

ಪಾರ್ಲರ್ ಅಕ್ಕ ಹೇಳಲು ಮರೆತದ್ದನ್ನು ನಾನು ಹೇಳುತ್ತೇನೆ: ಗುಂಗುರು ಉಳಿಯಬೇಕಾದರೆ, ಬಸ್ಸಿನಲ್ಲಿ ಪಕ್ಕದವರು ಯಾರ ಮದುವೆಗೆ ಹೊರಟಿದ್ದಾರೆಂದು ಮೊದಲು ಕೇಳಿಕೊಳ್ಳಿ.