ಪಾಲಿಗೆ ಬಿಟ್ಟ ಮೇಕೆಗಳು

ಎರಡು ವರ್ಷದ ಹಿಂದೆ ನಾನು ಸೋಲೂರಿನ ಹತ್ತಿರದ ಒಂದು ಹಳ್ಳಿಗೆ ಪ್ರತಿ ಶನಿವಾರ ಮಧ್ಯಾಹ್ನ ಹೋಗುತ್ತಿದ್ದೆ. ಮಾಗಡಿಯ ಕಾಲೇಜೊಂದರಲ್ಲಿ ವಾಣಿಜ್ಯ ವಿಷಯದ ಅತಿಥಿ ಉಪನ್ಯಾಸಕಿಯಾಗಿದ್ದೆ. ಶನಿವಾರ ಅರ್ಧ ದಿನ. ಆ ಹಳ್ಳಿಯಲ್ಲಿ ನಮ್ಮ ಸೋದರತ್ತೆಯ ಮನೆ ಇತ್ತು. ಪಂಚಾಯಿತಿಯ ಗ್ರಂಥಾಲಯದಲ್ಲಿ ಪಿಯುಸಿ ಓದುವ ಹೆಣ್ಣುಮಕ್ಕಳಿಗೆ ಏನಾದರೂ ಹೇಳಿಕೊಡು ಎಂದು ಅವರೇ ಕೇಳಿದ್ದರು. ನನಗೆ ಗೊತ್ತಿದ್ದದ್ದು ಒಂದೇ: ದುಡ್ಡನ್ನು ಹೇಗೆ ಇಟ್ಟುಕೊಳ್ಳಬೇಕು, ಹೇಗೆ ಉಳಿಸಬೇಕು ಎಂಬುದು. ಅದೂ ಪುಸ್ತಕಗಳಿಂದ ತಿಳಿದದ್ದು.

ಬರುತ್ತಿದ್ದವರು ಏಳು ಜನ. ಮೊದಲ ವಾರ ಅಗತ್ಯ ಮತ್ತು ಆಸೆ ಎಂದು ಹಲಗೆಯ ಮೇಲೆ ಎರಡು ಕಾಲಂ ಬರೆದೆ. ಅಕ್ಕಿ, ಬಸ್ ಪಾಸು, ನೋಟ್‌ಬುಕ್ಕು ಒಂದು ಕಡೆ. ಬಳೆ, ಕ್ಲಿಪ್ಪು ಇನ್ನೊಂದು ಕಡೆ.

"ಮಿಸ್, ಗೋಬಿ ಎಲ್ಲಿಗ್ ಬತ್ತದೆ?" ಎಂದು ಹಿಂದಿನ ಬೆಂಚಿನವಳು ಕೇಳಿದಳು.

"ಆಸೆಗೆ."

"ಸೋಲೂರಲ್ಲಿ ಬಸ್ಸು ತಪ್ಪೋಗಿ ಒಂದ್ ಗಂಟೆ ನಿಂತಿದ್ರೆ, ಆಗ?"

ಎಲ್ಲರೂ ನಕ್ಕರು. ನಾನು ಗೋಬಿ ಎಂದು ಎರಡು ಕಾಲಮ್ಮುಗಳ ನಡುವೆ ಬರೆದೆ.

ಮೂರನೆಯ ವಾರ, ನಿಮ್ಮದು ಎಂದು ಹೇಳಿಕೊಳ್ಳಬಹುದಾದ ಉಳಿತಾಯ ಏನಿದೆ, ಚೀಟಿಯಲ್ಲಿ ಬರೆದುಕೊಡಿ ಎಂದೆ. ಹುಂಡಿಯಲ್ಲಿ ಇನ್ನೂರು, ಅಮ್ಮನ ಹತ್ತಿರ ನೂರು, ಹೀಗೆ. ಒಂದು ಚೀಟಿಯಲ್ಲಿ "ನಾಲ್ಕು ಮೇಕೆ" ಎಂದು ಇತ್ತು.

ಬರೆದವಳು ಎರಡನೇ ಪಿಯುಸಿಯ ವಿಜ್ಞಾನದ ಹುಡುಗಿ. ಮಾತು ಕಡಿಮೆ. ನರ್ಸಿಂಗ್ ಓದಬೇಕು ಎಂದು ಮೊದಲ ದಿನವೇ ಹೇಳಿದ್ದಳು. ಪಕ್ಕದವಳು ಚೀಟಿಯನ್ನು ಮೊದಲೇ ಇಣುಕಿ ನೋಡಿದ್ದಳು. "ಮಿಸ್, ಇವಳ ಬ್ಯಾಂಕು ಮ್ಯಾ ಅಂತದೆ!"

ಅವಳು ಸಿಟ್ಟಾಗಲಿಲ್ಲ. "ನಿಂದು ಏನೂ ಅನ್ನಾಕಿಲ್ವಲ್ಲ, ಸುಮ್ನಿರು" ಎಂದಳು.

ಪಾಠ ಮುಗಿದ ಮೇಲೆ ಅವಳೊಬ್ಬಳನ್ನೇ ಕೇಳಿದೆ. ಅವಳಿಗೆ ಹತ್ತು ವರ್ಷವಾಗಿದ್ದಾಗ ಅವಳಜ್ಜಿ, ಅಪ್ಪನ ತಾಯಿ, ಕೋಳಿಮೊಟ್ಟೆ ಮಾರಿದ ಕಾಸಿನಲ್ಲಿ ಒಂದು ಹೆಣ್ಣು ಮೇಕೆಮರಿ ಕೊಂಡು ಕೊಟ್ಟಿದ್ದಳಂತೆ. ಮನೆಗೆ ತಂದಿರಲಿಲ್ಲ. ಕಬ್ಬಾಳಿನ ಹತ್ತಿರದ ಒಂದು ಊರಿನಲ್ಲಿದ್ದ ತನ್ನ ತಂಗಿಯ ಮನೆಯಲ್ಲಿ ಪಾಲಿಗೆ ಬಿಟ್ಟಿದ್ದಳು. ಅಲ್ಲಿ ಬೆಟ್ಟದ ಬುಡದಲ್ಲಿ ಮೇವಿಗೆ ಕೊರತೆಯಿಲ್ಲ. ಸಾಕುವವರು ಮೇಯಿಸುತ್ತಾರೆ, ಹುಟ್ಟುವ ಮರಿಗಳಲ್ಲಿ ಒಂದು ಅವರಿಗೆ, ಒಂದು ಇವಳಿಗೆ. ಏಳು ವರ್ಷದಲ್ಲಿ ಕೆಲವು ಸತ್ತು, ಕೆಲವನ್ನು ಮಾರಿ, ಇವಳ ಪಾಲಿಗೆ ನಾಲ್ಕು ಉಳಿದಿದ್ದವು. ಈ ವಿಷಯ ಅಜ್ಜಿಗೂ ಮೊಮ್ಮಗಳಿಗೂ ಬಿಟ್ಟರೆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಾನು ಕೆಟ್ಟದಾಗಿ ಏನೂ ಹೇಳಲಿಲ್ಲ. ಬರೆದ ಕಾಗದವಿಲ್ಲ, ರೋಗ ಬರಬಹುದು, ಚಿರತೆ ಹಿಡಿಯಬಹುದು, ಸಾಕುವವರೇ ಇಲ್ಲ ಎನ್ನಬಹುದು ಎಂದೆ. ಇದಕ್ಕೆ ನಷ್ಟಭಯ ಎನ್ನುತ್ತಾರೆ ಎಂದೂ ಹೇಳಿದ ನೆನಪು. ಮಾರಿ ಬ್ಯಾಂಕಿನಲ್ಲಿಡುವುದು ಮೇಲು ಎಂದೆ. ಅವಳು ಎರಡು ವಾರ ಯೋಚಿಸಿದಳು. ಅದರ ಮುಂದಿನ ವಾರ ಕೇಳಿದಳು:

"ಬ್ಯಾಂಕಲ್ಲಿಟ್ರೆ ಯಾರ್ಗೂ ಗೊತ್ತಾಗಾಕಿಲ್ವಾ ಮಿಸ್?"

"ಬ್ಯಾಂಕಿನವರು ಯಾರಿಗೂ ಹೇಳುವುದಿಲ್ಲ" ಎಂದೆ.

ಮಾರುವ ಕಾಲವನ್ನೂ ನಾನೇ ಹೇಳಿದೆ. ಯುಗಾದಿಯ ಮರುದಿನ ನಮ್ಮ ಕಡೆ ಹೊಸತೊಡಕು. ಮಾಂಸವಿಲ್ಲದ ಮನೆಯೇ ಇರುವುದಿಲ್ಲ. ಹಬ್ಬಕ್ಕೆ ಒಂದು ವಾರ ಮೊದಲು ಕೊಟ್ಟರೆ ಒಳ್ಳೆಯ ಬೆಲೆ. ಹಾಗೆಯೇ ಆಯಿತು. ನಾಲ್ಕಕ್ಕೆ ಮೂವತ್ತೆಂಟು ಸಾವಿರ ಬಂತು. ನರ್ಸಿಂಗ್ ಕಾಲೇಜಿನ ಮೊದಲ ವರ್ಷದ ಶುಲ್ಕದ ಮೊದಲ ಕಂತು ಮೂವತ್ತೈದು ಸಾವಿರ ಎಂದು ಅವಳು ಆಗಲೇ ವಿಚಾರಿಸಿದ್ದಳು. ಉಳಿದದ್ದು ಬಿಳಿ ಬಟ್ಟೆಗೆ, ಶೂಗೆ. ಅಜ್ಜಿ ಒಂದೇ ಮಾತು ಹೇಳಿದಳಂತೆ: "ಓದಿರೋರು ಹೇಳವ್ರೆ, ಸರಿಯಾಗೇ ಇರ್ತದೆ."

ಅವಳಿಗೆ ಒಂದು ಖಾತೆ ಇತ್ತು. ಹೈಸ್ಕೂಲಿನಲ್ಲಿದ್ದಾಗ ವಿದ್ಯಾರ್ಥಿವೇತನಕ್ಕೆಂದು ತೆರೆದದ್ದು. ಅವಳಿನ್ನೂ ಹದಿನೆಂಟು ತುಂಬದವಳು. ಅಪ್ಪನ ಸಹಿ, ಅಪ್ಪನ ಫೋನ್ ನಂಬರು. ಲೆಕ್ಕಶಾಸ್ತ್ರ ಕಲಿಸುವ ನಾನು ಅದನ್ನು ಒಮ್ಮೆಯೂ ಕೇಳಲಿಲ್ಲ. ನನ್ನ ತಂದೆ ನನ್ನ ಪಾಸ್‌ಬುಕ್ಕನ್ನು ಎಂದೂ ತೆರೆದು ನೋಡಿದವರಲ್ಲ. ಖಾತೆ ಎಂದರೆ ಅವರವರದು ಎಂದೇ ನನ್ನ ತಲೆಯಲ್ಲಿತ್ತು.

ಅಜ್ಜಿ, ಮೊಮ್ಮಗಳು ಸೋಲೂರಿಗೆ ಹೋಗಿ ದುಡ್ಡು ಕಟ್ಟಿ ಬಸ್ಸಿಗೆ ಕಾಯುತ್ತಿದ್ದಾಗ, ಊರಿನಲ್ಲಿ ಅವಳಪ್ಪ ಡೇರಿಯ ಮುಂದೆ ಹಾಲಿನ ಕ್ಯಾನ್ ತೊಳೆಯುತ್ತಿದ್ದರು. ಫೋನು ಸದ್ದು ಮಾಡಿತು, ಬ್ಯಾಂಕಿನ ಮೆಸೇಜು. ಇಂಗ್ಲಿಷ್ ಓದಲು ಬಾರದ ಅವರು ಅದನ್ನು ಡೇರಿಯ ಕಾರ್ಯದರ್ಶಿಗೆ ಕೊಟ್ಟರು. ಅವನು ಎಲ್ಲರಿಗೂ ಕೇಳುವಂತೆ ಓದಿದ. ಅವರಿಬ್ಬರೂ ಬಸ್ಸಿಳಿಯುವ ಹೊತ್ತಿಗೆ ಮೂವತ್ತೆಂಟು ಸಾವಿರ ಊರಿಗೆಲ್ಲ ಗೊತ್ತಾಗಿತ್ತು.

ಅವಳಪ್ಪ ಬೈಯಲಿಲ್ಲ. "ನನ್ ತಾವ ಬಚ್ಚಿಟ್ರಲ್ಲ" ಎಂದಷ್ಟೇ ಅಂದರಂತೆ. ಆಮೇಲೆ ಎರಡು ತಿಂಗಳು ಆ ಮಾತೇ ಬರಲಿಲ್ಲ. ಅವಳು ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದಳು, ಸೀಟು ಸಿಕ್ಕಿತು. ಶುಲ್ಕಕ್ಕೆ ಕೊನೆಯ ದಿನ ಒಂದು ಸೋಮವಾರ. ಹಿಂದಿನ ಗುರುವಾರ ಬ್ಯಾಂಕಿಗೆ ಹೋದರೆ ಖಾತೆಯಲ್ಲಿ ಇದ್ದದ್ದು ಆರುನೂರ ಚಿಲ್ಲರೆ.

ಅವಳು ನನಗೆ ಫೋನು ಮಾಡಿದಳು. ಅಳಲಿಲ್ಲ. "ಮಿಸ್, ನೀವೊಂದ್ಸಲ ಬತ್ತೀರಾ?" ಎಂದಳು.

ಶುಕ್ರವಾರ ಹೋದೆ. ಅವಳಪ್ಪ ಎದ್ದು ನಿಂತು ಪ್ಲಾಸ್ಟಿಕ್ ಕುರ್ಚಿಯನ್ನು ಟವೆಲಿನಿಂದ ಒರೆಸಿದರು. "ಬನ್ನಿ ತಾಯಿ, ಕುಂತ್ಕಳಿ. ಏಯ್ ಮಗಾ, ಮೇಡಮ್ಮೋರಿಗೆ ಕಾಪಿ ಮಾಡು." ಅವಳು ಒಳಗೆ ಹೋದಳು. ಪಾತ್ರೆಯ ಸದ್ದು ಕೇಳಲಿಲ್ಲ. ಬಾಗಿಲ ಹಿಂದೆಯೇ ನಿಂತಿದ್ದಳು ಎಂದು ತಿಳಿಯಿತು.

"ಆ ದುಡ್ಡು ಅವಳ ಕಾಲೇಜಿನದು" ಎಂದೆ. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಹೊರಗೆ ಬಂದದ್ದು ಇಷ್ಟೇ.

"ಗೊತ್ತು ತಾಯಿ. ನಾನೇನ್ ಕುಡ್ದು ಹಾಳ್ ಮಾಡಿದ್ನಾ? ಚನ್ನಪಟ್ಟಣದ ತಾವ ನನ್ ತಂಗಿ ಮನೆ ಗೃಹಪ್ರವೇಶ ಆಯ್ತು. ನನ್ ದೊಡ್ಮಗಳ ಮದ್ವೇಲಿ ಆವಮ್ಮ ಇಪ್ಪತ್ತೈದು ಸಾವ್ರ ಮುಯ್ಯಿ ಓದ್ಸಿದ್ಲು. ಎಲ್ಲರ ಮುಂದೆ ಹೆಸರು ಕೂಗಿ ಓದ್ತಾರೆ. ನಾನು ಅದ್ಕಿಂತ ಒಂದ್ ರೂಪಾಯಿ ಕಮ್ಮಿ ಹಾಕ್ದೆ ಅಂದ್ರೆ ಅವಳ ಅತ್ತೆಮನೇರ ಮುಂದೆ ಅವಳು ತಲೆ ಎತ್ತಂಗಿಲ್ಲ. ಮೂವತ್ತು ಓದಿಸ್ದೆ. ಮಿಕ್ಕಿದ್ದು ಬಟ್ಟೆಗೆ, ಗಾಡಿ ಬಾಡ್ಗೆಗೆ."

"ಸ್ವಲ್ಪ ತಡವಾಗಿ ಕೊಡಬಹುದಿತ್ತಲ್ಲ?"

"ಆಮ್ಯಾಕೆ ಕೊಟ್ರೆ ಅದು ಸಾಲ ತೀರ್ಸಿದಂಗೆ. ಮುಯ್ಯಿ ಅಲ್ಲ."

ಅವರೇ ಮುಂದುವರಿಸಿದರು. "ಸಂಘದಲ್ಲಿ ಸಾಲ ಎತ್ತಾನ ಅಂತಿದ್ದೆ. ಸಾಲ ಮಾಡ್ಬಾರ್ದು, ಬಡ್ಡಿ ತಿಂದಾಕ್ಬುಡ್ತದೆ ಅಂತ ನೀವೇ ಪಾಠ ಮಾಡಿದ್ರಂತಲ್ಲ, ನಮ್ ಹುಡ್ಗಿ ಬಂದು ಲೆಕ್ಕ ಹಾಕಿ ತೋರಿಸ್ತು. ಸರಿಯಾಗೇ ಐತೆ ಅನ್ನುಸ್ತು. ಸಾಲ ಮಾಡ್ಲಿಲ್ಲ ತಾಯಿ."

ಅವರ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ನನ್ನಿಂದ ಒಂದು ಮೆಚ್ಚುಗೆಯನ್ನು ನಿರೀಕ್ಷಿಸಿದಂತೆಯೂ ಇತ್ತು. ರಾಗಿ ಮಾರಿದ ಮೇಲೆ ಕೊಡುತ್ತೇನೆ ಎಂದರು. ರಾಗಿ ಬಿತ್ತನೆಯೇ ಇನ್ನೂ ಆಗಿರಲಿಲ್ಲ. ಸೋಮವಾರಕ್ಕೆ ಮೂರು ದಿನ ಇತ್ತು.

ಗೋಡೆಗೊರಗಿ ಎಲೆಯಡಿಕೆ ಕುಟ್ಟುತ್ತಿದ್ದ ಅಜ್ಜಿ ಅಲ್ಲಿಯವರೆಗೆ ನನ್ನ ಕಡೆ ನೋಡಿರಲಿಲ್ಲ. ಈಗ ತಲೆ ಎತ್ತಿದಳು. "ಮೇಕೆ ಅದರ ಪಾಡ್ಗೆ ಕಬ್ಬಾಳಲ್ಲಿ ಮೇಯ್ಕಂಡಿತ್ತು ಕಣವ್ವ. ಏಳ್ ವರ್ಸ ಒಬ್ರ ಕಿವಿಗೂ ಬೀಳ್ಲಿಲ್ಲ. ನಿನ್ ಬ್ಯಾಂಕು ಒಂದ್ ಗಂಟೆ ಬಾಯ್ ಮುಚ್ಕಂಡಿರ್ಲಿಲ್ವಲ್ಲ."

"ಸುಮ್ನಿರವ್ವ, ದೊಡ್ಡೋರ ಮುಂದೆ" ಎಂದು ಅವಳಪ್ಪ ಗದರಿದರು. ಅಜ್ಜಿಗಿಂತ ನಾನು ದೊಡ್ಡವಳಾದದ್ದು ಹೇಗೆ ಎಂದು ಯಾರೂ ಕೇಳಲಿಲ್ಲ. ಕಾಫಿ ಬಂತು. ಕುಡಿದೆ.

ಬಸ್ ನಿಲ್ದಾಣದವರೆಗೆ ಅವಳು ಜೊತೆಯಲ್ಲಿ ಬಂದಳು. ನನ್ನ ಹತ್ತಿರ ಸ್ವಲ್ಪ ಹಣವಿದೆ, ನಾನು ಕಟ್ಟುತ್ತೇನೆ ಎಂದೆ. ಅವಳು ತಲೆಯಾಡಿಸಿದಳು.

"ಬ್ಯಾಡ ಮಿಸ್. ನಮ್ಮಪ್ಪಂಗೆ ಗೊತ್ತಾದ್ರೆ ಅದ್ನೂ ಮುಯ್ಯಿ ಅನ್ಕಂಡು, ನಿಮ್ ಮದ್ವೇಲಿ ಓದ್ಸಾಕೆ ಇನ್ಯಾರ್ದೋ ಮೇಕೆ ಮಾರ್ತದೆ." ನಗಲು ನೋಡಿದಳು.

ನಾನು ಮತ್ತೊಮ್ಮೆ ಹೇಳಲಿಲ್ಲ. ಅವಳು ಬೇಡ ಎಂದಾಗ ಒಂದು ಕ್ಷಣ ನನಗೆ ಹಗುರವಾಗಿತ್ತು. ಅತಿಥಿ ಉಪನ್ಯಾಸಕರಿಗೆ ರಜೆಯ ತಿಂಗಳುಗಳಲ್ಲಿ ಸಂಬಳವಿಲ್ಲ. ಆ ಹಣ ಕಾಲೇಜು ಮತ್ತೆ ತೆರೆಯುವವರೆಗಿನ ನನ್ನ ಖರ್ಚಿಗೆ ಇದ್ದದ್ದು. ಈ ಹಗುರವನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ಬಸ್ಸು ಬಂತು, ಹತ್ತಿದೆ. ಸೋಮವಾರ ಬಂತು, ಹೋಯಿತು. ಸೀಟು ಬೇರೆಯವರಿಗೆ ಹೋಯಿತು.

ಶನಿವಾರದ ಪಾಠವನ್ನು ನಾನು ಮತ್ತೆ ಶುರು ಮಾಡಲಿಲ್ಲ. ಕೆಲಸ ಜಾಸ್ತಿಯಾಗಿದೆ ಎಂದು ಅತ್ತೆಗೆ ಹೇಳಿದೆ.

ದೀಪಾವಳಿಯ ನಂತರ ಒಂದು ಸಂಜೆ ತಲೆನೋವಿನ ಮಾತ್ರೆಗೆಂದು ಮಾಗಡಿಯ ಬಸ್ ನಿಲ್ದಾಣದ ಹತ್ತಿರದ ಔಷಧಿ ಅಂಗಡಿಗೆ ಹೋದರೆ, ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಅವಳು ನಿಂತಿದ್ದಳು. ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಹದಿನೆಂಟು ತುಂಬಿತ್ತು. ಈಗ ನಿನ್ನ ಹೆಸರಿನಲ್ಲೇ, ನಿನ್ನ ನಂಬರಿಗೇ ಬೇರೆ ಖಾತೆ ತೆರೆಯಬಹುದು ಎಂದೆ.

"ತೆಗ್ದಿದ್ದೀನಿ ಮಿಸ್. ಸಂಬಳ ಅದ್ಕೇ ಬೀಳ್ತದೆ. ಎಷ್ಟದೆ ಅಂತ ಅಪ್ಪ ಕೇಳಿದ್ರೆ ತೋರಿಸ್ಬೇಕಲ್ಲ, ಅದ್ಕೇ ಒಸಿ ಅಲ್ಲಿಡ್ತೀನಿ."

"ಉಳಿದದ್ದು?"

ಅವಳು ಮಾತ್ರೆಯ ಹಾಳೆಯನ್ನು ಕತ್ತರಿಸಿ ಕವರಿಗೆ ಹಾಕಿದಳು. "ಎಲ್ಡು ಹೆಣ್ಮರಿ ತಕ್ಕಂಡೆ. ಪಾಲಿಗೆ ಬುಟ್ಟಿದ್ದೀನಿ."

"ಕಬ್ಬಾಳಿನಲ್ಲೇ?"

"ಅಲ್ಲಿ ಅಪ್ಪಂಗೆ ಗೊತ್ತಾಗೋಯ್ತಲ್ಲ."

"ಮತ್ತೆ ಯಾವ ಊರು?"

ಅವಳು ಚಿಲ್ಲರೆ ಎಣಿಸಿ ನನ್ನ ಕೈಗಿಟ್ಟಳು. "ಅದೊಂದ್ ಮಾತ್ರ ಕೇಳ್ಬ್ಯಾಡಿ ಮಿಸ್" ಎಂದಳು. ಮುಖದಲ್ಲಿ ಕೋಪವಿರಲಿಲ್ಲ. "ಎಲ್ಡು ವರ್ಸ ಅಷ್ಟೆಯ. ಆಮ್ಯಾಕೆ ಕಾಲೇಜ್ ಸೇರ್ಕತೀನಿ."

ಮನೆಗೆ ನಡೆಯುತ್ತ ಲೆಕ್ಕ ಹಾಕಿದೆ. ಎರಡು ಮರಿ ದೊಡ್ಡವಾಗಿ ಈಯಬೇಕು. ಹುಟ್ಟಿದ್ದರಲ್ಲಿ ಅರ್ಧ ಸಾಕಿದವರಿಗೆ. ಶುಲ್ಕ ವರ್ಷವರ್ಷ ಏರುತ್ತದೆ. ಒಂದೂ ಸಾಯದಿದ್ದರೂ ಎರಡು ವರ್ಷಕ್ಕೆ ಆಗುವುದಿಲ್ಲ. ಮತ್ತೊಮ್ಮೆ ಹಾಕಿದೆ. ಆಗಲಿಲ್ಲ. ಹಿಂದಕ್ಕೆ ಹೋಗಿ ಅವಳಿಗೆ ಹೇಳಬೇಕೆನಿಸಿ ತಿರುವಿನಲ್ಲಿ ಸ್ವಲ್ಪ ಹೊತ್ತು ನಿಂತೆ. ಅಂಗಡಿಯ ದೀಪ ಅಲ್ಲಿಂದ ಕಾಣುತ್ತಿತ್ತು. ಅವಳು ಯಾರಿಗೋ ಔಷಧಿ ಕುಡಿಯುವ ಹೊತ್ತನ್ನು ಬೆರಳು ಮಡಿಸಿ ಹೇಳಿಕೊಡುತ್ತಿದ್ದಳು. ನಾನು ಹೋಗಲಿಲ್ಲ.